ಸೌನಾದಿಂದ ಐಸ್ ನೀರಿಗೆ: ಹಾರಬೇಡಿ, ಇಳಿಯಿರಿ

ಫಿನ್ಲೆಂಡಿನ ಟಾಂಪೆರೆ ಊರಲ್ಲಿ, ನ್ಯಾಸಿಯಾರ್ವಿ ಕೆರೆಯ ದಂಡೆಗೆ, ರೌಹಾನಿಯೆಮಿ ಎಂಬ ಸಾರ್ವಜನಿಕ ಸೌನಾ ಇದೆ. ಸೌನಾ ಅಂದರೆ ಕಾದ ಕಲ್ಲುಗಳಿಂದ ಬಿಸಿ ಮಾಡಿದ ಮರದ ಕೋಣೆ. ಚಳಿಗಾಲಕ್ಕೆ ಕೆರೆ ಹೆಪ್ಪುಗಟ್ಟುತ್ತದೆ. ಆಗಲೂ ದಡದ ಹತ್ತಿರ ಒಂದಿಷ್ಟು ಜಾಗದಲ್ಲಿ ನೀರು ಗಟ್ಟಿಯಾಗದ ಹಾಗೆ ನೋಡಿಕೊಳ್ಳುತ್ತಾರೆ. ಇಂಥ ಕಿಂಡಿಗೆ ಇಲ್ಲಿನವರು ಅವಂತೊ ಎನ್ನುತ್ತಾರೆ. ಸೌನಾದಲ್ಲಿ ಮೈ ಕಾಯಿಸಿಕೊಳ್ಳುವುದು, ಅವಂತೊಗೆ ಇಳಿಯುವುದು, ಮತ್ತೆ ಸೌನಾ. ಊರಿಂದ ಯಾರೇ ಬರಲಿ, ಇದನ್ನೊಮ್ಮೆ ಮಾಡಲೇಬೇಕು ಅಂತಾರೆ. ಕರೆದುಕೊಂಡು ಹೋಗುತ್ತೇನೆ. ಪ್ರತಿ ಸಲವೂ ಅದೇ ತಪ್ಪು ನೋಡುತ್ತೇನೆ.

ಹೋದ ಚಳಿಗಾಲದಲ್ಲಿ ನಮ್ಮ ಭಾವ ಬಂದಿದ್ದರು. ಏಣಿ ಹಿಡಿದು ನಿಧಾನಕ್ಕೆ ಇಳಿಯಿರಿ ಅಂತ ಎರಡು ಸಲ ಹೇಳಿದ್ದೆ. ಬಿಸಿಯಿಂದ ಹೊರಗೆ ಬಂದವರೇ ಓಡಿ ಧುಮುಕಿಬಿಟ್ಟರು. ತಲೆ ಮೇಲೆ ಬಂದಾಗ ಬಾಯಿ ತೆರೆದೇ ಇತ್ತು, ಮಾತಿಲ್ಲ. ಉಸಿರು ಮೇಲಿಂದ ಮೇಲೆ ಎಳೆಯುತ್ತಿದ್ದರು, ಬಿಡಲು ಆಗುತ್ತಿರಲಿಲ್ಲ. ಏಣಿ ಒಂದು ಮಾರು ದೂರದಲ್ಲಿದ್ದರೂ ಕೈ ಅತ್ತ ಹೋಗಲಿಲ್ಲ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ತೋಳು ಹಿಡಿದು ಎಳೆದುಕೊಂಡರು. ಭಾವ ಒಳ್ಳೆ ಈಜುಗಾರ, ತುಂಗಭದ್ರೆಯಲ್ಲಿ ಈಜು ಕಲಿತವರು. ಈಜು ಬರುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಅವತ್ತಿನಿಂದ ಯಾರು ಬಂದರೂ ಮನೆಯಲ್ಲೇ ಕೂರಿಸಿ ಪೂರ್ತಿ ವಿಧಾನ ಹೇಳಿಯೇ ಹೊರಡುತ್ತೇನೆ. ಈಗ ಬೆಂಗಳೂರಿನ ಜಿಮ್‌ಗಳಿಗೂ ಸೌನಾ, ಐಸ್ ಬಾತ್ (ಐಸ್ ಹಾಕಿದ ನೀರಿನ ಟಬ್ಬು) ಬಂದಿವೆ. ಹಾಗಾಗಿ ಇಲ್ಲಿಯೂ ಬರೆಯುತ್ತಿದ್ದೇನೆ.

ಯಾರು ಮಾಡಬಾರದು

ಇದು ಮೊದಲು. ಇತ್ತೀಚೆಗೆ ಹೃದಯಾಘಾತ ಆದವರು, ಎದೆನೋವು ಬರುವವರು, ಹೃದಯದ ಬಡಿತ ತಪ್ಪುವವರು, ಬಿಪಿ ಹತೋಟಿಯಲ್ಲಿ ಇಲ್ಲದವರು, ಮೂರ್ಛೆರೋಗ ಇರುವವರು, ಗರ್ಭಿಣಿಯರು, ತಣ್ಣೀರು ತಾಗಿದರೆ ಮೈಮೇಲೆ ದದ್ದು ಏಳುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ಬಿಪಿ ಮಾತ್ರೆ ನುಂಗುವವರಿಗೆ ಬಿಸಿಯಿಂದ ಎದ್ದು ನಿಂತಾಗ ತಲೆ ಸುತ್ತಬಹುದು. ಶುಗರ್‌ನಿಂದ ಪಾದದ ಸ್ಪರ್ಶ ಕಮ್ಮಿಯಾದವರಿಗೆ ಕಾಲು ಸುಟ್ಟರೂ ಗೊತ್ತಾಗುವುದಿಲ್ಲ, ಮರಗಟ್ಟಿದರೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಐವತ್ತು ದಾಟಿದವರಿರುವ ಮನೆಮನೆಯಲ್ಲೂ ಈ ಎರಡು ಕಾಯಿಲೆ ಇವೆ, ಅಲ್ವಾ? ಆದ್ದರಿಂದ ಈ ಸಾಲುಗಳನ್ನು ದಾಟಿ ಮುಂದೆ ಹೋಗಬೇಡಿ.

ಕುಡಿದು ಹೋಗಬೇಡಿ. ಒಂದು ಬಿಯರ್ ಕೂಡ ಬೇಡ. ಒಬ್ಬರೇ ಹೋಗಬೇಡಿ.

ಬಿಸಿ

ಇದು ಸುಲಭ. ಊಟವಾಗಿ ಎರಡು ಗಂಟೆ ಕಳೆದಿರಲಿ, ನೀರು ಕುಡಿದಿರಿ. ಸೋಪು ಹಚ್ಚಿ ಸ್ನಾನ ಮಾಡಿ ಒಳಗೆ ಹೋಗಿ. ಟವೆಲ್ ಹಾಸಿ ಕೂತುಕೊಳ್ಳಿ. ಮೇಲಿನ ಹಲಗೆ ಜಾಸ್ತಿ ಬಿಸಿ, ಕೆಳಗಿನದು ಕಮ್ಮಿ. ಮೊದಲ ಸಲ ಕೆಳಗೇ ಕೂರಿ. 70ರಿಂದ 80 ಡಿಗ್ರಿ, ಎಂಟು–ಹತ್ತು ನಿಮಿಷ ಸಾಕು. ಕಾದ ಕಲ್ಲಿಗೆ ನೀರು ಹಾಕಿದಾಗ ಏಳುವ ಹಬೆಗೆ ಲೋಯ್ಲು ಎನ್ನುತ್ತಾರೆ. ಪಕ್ಕದವರನ್ನು ಕೇಳಿ ಒಂದು ಸೌಟು ಹಾಕಿ.

ಎಣ್ಣೆ ಹಚ್ಚಿಕೊಂಡು ಬರಬೇಡಿ. ನಮಗೆ ಎಣ್ಣೆ ಸ್ನಾನದ ರೂಢಿ, ಹಂಡೆಯ ಬಿಸಿನೀರು ಅಂದರೆ ಮೈಗೆ ಎಣ್ಣೆ ನೆನಪಾಗುತ್ತದೆ. ಆದರೆ ಸೌನಾದ ಮರದ ಹಲಗೆಗೆ ಎಣ್ಣೆ ಹಿಡಿದರೆ ಹೋಗುವುದಿಲ್ಲ. ಐಸ್ ಕಟ್ಟಿದ ಮೆಟ್ಟಿಲ ಮೇಲೆ ಎಣ್ಣೆ ಕಾಲು ಇನ್ನೂ ಅಪಾಯ.

ಎಷ್ಟು ಹೊತ್ತು ತಡೆಯುತ್ತೀರಿ ಅಂತ ಪಂಥ ಕಟ್ಟಬೇಡಿ. ಹೆಯ್ನೋಲಾ ಎಂಬ ಊರಲ್ಲಿ ಸೌನಾ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿತ್ತು. 2010ರ ಫೈನಲ್‌ನಲ್ಲಿ 110 ಡಿಗ್ರಿಯಲ್ಲಿ ಕೂತ ಸ್ಪರ್ಧಿಯೊಬ್ಬರು ಸತ್ತರು. ಆ ಸ್ಪರ್ಧೆ ಮತ್ತೆ ನಡೆಯಲಿಲ್ಲ. ತಲೆ ಹಗುರಾಯಿತು ಅನ್ನಿಸಿದರೆ ಎದ್ದು ಬನ್ನಿ. ಹತ್ತು ನಿಮಿಷ ಆಗಲಿ ಅಂತ ಕಾಯಬೇಡಿ.

ನಡುವಿನ ಎರಡು ನಿಮಿಷ

ಯಾರೂ ಮಾಡದ ಹೆಜ್ಜೆ ಇದು. ಸೌನಾದಲ್ಲಿ ಚರ್ಮದ ರಕ್ತನಾಳಗಳು ಅಗಲವಾಗಿರುತ್ತವೆ, ಹೃದಯ ಜೋರಾಗಿ ಬಡಿಯುತ್ತಿರುತ್ತದೆ. ತಣ್ಣೀರು ತಾಗಿದ ಕೂಡಲೇ ಆ ನಾಳಗಳೆಲ್ಲ ಬಿಗಿಯುತ್ತವೆ, ಬಿಪಿ ಸರ್ರನೆ ಏರುತ್ತದೆ. ನಡುವೆ ಹೊರಗಿನ ಬೆಂಚಿನ ಮೇಲೆ ಎರಡು ನಿಮಿಷ ಸುಮ್ನೆ ಕೂತರೆ ಹೃದಯಕ್ಕೆ ಬಿಡುವು ಸಿಗುತ್ತದೆ. ಅಷ್ಟರಲ್ಲಿ ಆರಿಹೋಗುತ್ತೇವೆ ಅನ್ನುವ ಭಯ ಬೇಡ. ಒಳಗಿನ ಕಾವು ಅಷ್ಟು ಬೇಗ ಇಳಿಯುವುದಿಲ್ಲ.

ನೀರಿಗೆ ಇಳಿಯುವುದು

ಅಪಾಯ ಇರುವುದು ಇಲ್ಲೇ. ನಿಧಾನವಾಗಿ ಓದಿ.

ತಣ್ಣೀರು ಎದೆಗೆ ತಾಗಿದಾಗ ದೇಹ ತಾನಾಗಿಯೇ ಒಂದು ದೊಡ್ಡ ಉಸಿರು ಎಳೆದುಕೊಳ್ಳುತ್ತದೆ. ಅದನ್ನು ಮನಸ್ಸಿನ ಬಲದಿಂದ ತಡೆಯಲು ಆಗುವುದಿಲ್ಲ. ಆ ಹೊತ್ತಿಗೆ ಬಾಯಿ ನೀರಿನೊಳಗಿದ್ದರೆ ಎಳೆಯುವುದು ಗಾಳಿಯಲ್ಲ, ನೀರು. ಜನ ತಣ್ಣೀರಲ್ಲಿ ಮುಳುಗುವುದು ಹೆಚ್ಚಾಗಿ ಹೀಗೆ, ಮೈ ತಣ್ಣಗಾಗುವ ಎಷ್ಟೋ ಮೊದಲು. ಈ ಆಘಾತ ಮೊದಲ ಅರ್ಧ ನಿಮಿಷದಲ್ಲಿ ಜೋರಾಗಿರುತ್ತದೆ, ಒಂದರಿಂದ ಮೂರು ನಿಮಿಷದೊಳಗೆ ಇಳಿಯುತ್ತದೆ. 10ರಿಂದ 15 ಡಿಗ್ರಿಯ ನೀರಲ್ಲೇ ಅದು ಪೂರ್ತಿ ಜೋರಿಗೆ ಬರುತ್ತದೆ. ಅಂದರೆ ಟಬ್ಬಿಗೆ ಮೂಟೆ ಮೂಟೆ ಐಸ್ ಸುರಿಯುವುದರಿಂದ ಹೊಸಬರಿಗೆ ಏನೂ ಹೆಚ್ಚು ಸಿಗುವುದಿಲ್ಲ.

ಕಾಲಿಗೆ ರಬ್ಬರ್ ಬೂಟಿ ಹಾಕಿ. ತಲೆಗೆ ಉಣ್ಣೆ ಟೋಪಿ ಇರಲಿ. ಕೆರೆಯಾದರೆ ಏಣಿಗೆ ಮುಖ ಮಾಡಿ, ಎರಡೂ ಕೈಯಲ್ಲಿ ಕಂಬಿ ಹಿಡಿದು ಇಳಿಯಿರಿ. ಮೊಣಕಾಲು ಮುಳುಗಿದಾಗ ನಿಲ್ಲಿ. ಒಂದು ಕೈಯಿಂದ ನೀರು ತೆಗೆದು ಕತ್ತು, ಎದೆ, ಮುಖಕ್ಕೆ ಸವರಿಕೊಳ್ಳಿ. ಇನ್ನೊಂದು ಕೈ ಕಂಬಿಯಲ್ಲೇ ಇರಲಿ. ಆಮೇಲೆ ಸೊಂಟದವರೆಗೆ. ಇಲ್ಲಿ ಮನಸ್ಸು ಓಡಿಹೋಗು ಅನ್ನುತ್ತದೆ, ಸಹಜ. ಈಗ ಉಸಿರು ಬಿಡಲು ಶುರು ಮಾಡಿ. ಎಳೆಯುವುದಲ್ಲ, ಬಿಡುವುದು. ಬಿಸಿ ಕಾಫಿ ಊದುವ ಹಾಗೆ ತುಟಿ ಚೂಪು ಮಾಡಿ ಉದ್ದಕ್ಕೆ ಊದುತ್ತಾ ಭುಜದವರೆಗೆ ಇಳಿಯಿರಿ. ಎಳೆಯುವುದನ್ನು ದೇಹ ತಾನೇ ನೋಡಿಕೊಳ್ಳುತ್ತದೆ. ನಿಮ್ಮ ಕೆಲಸ ಊದುವುದು ಮಾತ್ರ.

ಐದು ಉದ್ದ ಉಸಿರು ಎಣಿಸಿ. ಮೊದಲ ದಿನಕ್ಕೆ ಇಷ್ಟೇ, ಸುಮಾರು ಇಪ್ಪತ್ತು ಸೆಕೆಂಡು. ಉಸಿರು ಹತೋಟಿಗೆ ಬಂತು ಅನ್ನಿಸಿದರೆ ಇನ್ನೈದು. ಬೆರಳು ಚುಚ್ಚಲು ಶುರುವಾದರೆ ಮೇಲೆ ಬನ್ನಿ. ಇನ್ನೂ ಕಾದರೆ ಅದೇ ಬೆರಳು ಏಣಿ ಹಿಡಿಯುವುದಿಲ್ಲ. ವರ್ಷಗಳಿಂದ ಮಾಡುವ ನಾನೂ ಎರಡು ನಿಮಿಷ ದಾಟುವುದಿಲ್ಲ.

ತಲೆ ಮುಳುಗಿಸಬೇಡಿ. ಮೈಗೆ ತಣ್ಣೀರು ತಾಗಿದರೆ ಹೃದಯ ಓಡುತ್ತದೆ. ಮುಖ ಮುಳುಗಿಸಿ ಉಸಿರು ಹಿಡಿದರೆ ಅದೇ ಹೃದಯಕ್ಕೆ ನಿಧಾನವಾಗು ಎಂಬ ಸಂದೇಶ ಹೋಗುತ್ತದೆ. ಎರಡೂ ಒಟ್ಟಿಗೆ ಬಂದರೆ ಬಡಿತ ತಪ್ಪಬಹುದು. ನೀರಿಗೆ ಇಳಿಯುವ ಮೊದಲು ಜೋರುಜೋರಾಗಿ ಉಸಿರಾಡುವ ಅಭ್ಯಾಸವನ್ನು ವಿಡಿಯೊಗಳಲ್ಲಿ ತೋರಿಸುತ್ತಾರೆ. ನೀರಿನ ಹತ್ತಿರ ಅದನ್ನು ಮಾಡಲೇಬೇಡಿ. ನೀರೊಳಗೆ ಎಚ್ಚರ ತಪ್ಪಬಹುದು.

ಭಾವ ಎರಡು ದಿನ ಬಿಟ್ಟು ಮತ್ತೆ ಬಂದರು. ಈ ಸಲ ಏಣಿ ಹಿಡಿದು ಇಳಿದರು. ನಾನು ಪಕ್ಕದಲ್ಲಿ ನಿಂತು ಉಸಿರು ಎಣಿಸಿದೆ. ಆರನೆಯದಕ್ಕೆ ಅವರ ಭುಜ ಸಡಿಲವಾಯಿತು.

ಮತ್ತೆ ಬಿಸಿ

ಮೇಲೆ ಬಂದ ಕೂಡಲೇ ಒಳಗೆ ಓಡಬೇಡಿ. ಟವೆಲ್ ಸುತ್ತಿಕೊಂಡು ಐದು ನಿಮಿಷ ಹೊರಗೆ ಕೂರಿ. ಚರ್ಮ ಜುಮ್ಮೆನ್ನುತ್ತದೆ, ಮನಸ್ಸು ಹಗುರಾಗುತ್ತದೆ. ಜನ ಮತ್ತೆ ಮತ್ತೆ ಬರುವುದು ಈ ಐದು ನಿಮಿಷಕ್ಕೇ. ಆಮೇಲೆ ಸೌನಾ. ಒಟ್ಟು ಎರಡು ಸುತ್ತು, ಹೆಚ್ಚೆಂದರೆ ಮೂರು.

ಕೊನೆಯ ಸುತ್ತು ತಣ್ಣೀರಿನಲ್ಲಿ ಮುಗಿಯಬೇಕು ಎನ್ನುವವರು ಬಹಳ ಜನ. ಹೊಸಬರಿಗೆ ನಾನು ಒಪ್ಪುವುದಿಲ್ಲ. ನೀರಿನಿಂದ ಬಂದ ಮೇಲೂ ಹತ್ತು–ಹದಿನೈದು ನಿಮಿಷ ಮೈಯ ಒಳಗಿನ ಕಾವು ಇಳಿಯುತ್ತಲೇ ಇರುತ್ತದೆ. ಬಟ್ಟೆ ಹಾಕಿಕೊಂಡು ಬಸ್ ಸ್ಟಾಪಿನಲ್ಲಿ ನಿಂತಾಗ ನಡುಕ ಶುರುವಾಗುತ್ತದೆ. ಮೊದಲ ತಿಂಗಳು ಬಿಸಿಯಲ್ಲೇ ಮುಗಿಸಿ. ಮೈ ಚೆನ್ನಾಗಿ ಒರೆಸಿ, ಕಾಲುಚೀಲ ಮೊದಲು ಹಾಕಿ, ಬಿಸಿ ಏನಾದರೂ ಕುಡಿಯಿರಿ.

ಲಾಭ ಎಷ್ಟು?

ಸೌನಾ ಬಗ್ಗೆ ಒಳ್ಳೆಯ ಅಧ್ಯಯನ ಇದೆ. ಪೂರ್ವ ಫಿನ್ಲೆಂಡಿನ 2,315 ಮಧ್ಯವಯಸ್ಸಿನ ಗಂಡಸರನ್ನು ಸುಮಾರು 20 ವರ್ಷ ಗಮನಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾರಕ್ಕೆ ನಾಲ್ಕರಿಂದ ಏಳು ಸಲ ಸೌನಾಗೆ ಹೋಗುವವರಲ್ಲಿ ಹೃದಯ ನಿಂತು ಹಠಾತ್ತನೆ ಸಾಯುವ ಸಾಧ್ಯತೆ, ವಾರಕ್ಕೊಮ್ಮೆ ಹೋಗುವವರಿಗಿಂತ ಶೇ 63ರಷ್ಟು ಕಮ್ಮಿ ಇತ್ತು. ಆರೋಗ್ಯವಾಗಿ ಇರುವವರೇ ಹೆಚ್ಚು ಸಲ ಹೋಗುತ್ತಿದ್ದರು ಎನ್ನುವ ಸಾಧ್ಯತೆಯೂ ಇದೆ. ಹಾಗಾಗಿ ಇದನ್ನು ಔಷಧ ಎಂದುಕೊಳ್ಳಬೇಡಿ.

ತಣ್ಣೀರಿನ ಪುರಾವೆ ಇನ್ನೂ ತೆಳು. ನೆದರ್ಲೆಂಡ್ಸ್‌ನಲ್ಲಿ ಮೂರು ಸಾವಿರ ಜನರ ಮೇಲೆ ಒಂದು ಪ್ರಯೋಗ ಮಾಡಿ 2016ರಲ್ಲಿ ವರದಿ ಮಾಡಿದರು. ಬಿಸಿನೀರಿನ ಸ್ನಾನದ ಕೊನೆಗೆ 30ರಿಂದ 90 ಸೆಕೆಂಡು ತಣ್ಣೀರಿಗೆ ನಿಂತವರು ಕೆಲಸಕ್ಕೆ ಸಿಕ್ ಲೀವ್ ಹಾಕುವುದು ಶೇ 29ರಷ್ಟು ಕಮ್ಮಿಯಾಯಿತು. ಆದರೆ ಕಾಯಿಲೆ ಬಿದ್ದ ದಿನಗಳು ಕಮ್ಮಿಯಾಗಲಿಲ್ಲ. 30 ಸೆಕೆಂಡಿಗೂ 90ಕ್ಕೂ ವ್ಯತ್ಯಾಸ ಕಾಣಲಿಲ್ಲ. ಐಸ್ ನೀರಿನಿಂದ ಡೋಪಮೈನ್ (ಹುರುಪು ತರುವುದಕ್ಕೆ ಹೆಸರಾದ, ದೇಹದೊಳಗಿನ ಒಂದು ರಾಸಾಯನಿಕ) ಶೇ 250ರಷ್ಟು ಏರುತ್ತದೆ ಎನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಆ ಸಂಖ್ಯೆ ಬಂದದ್ದು 14 ಡಿಗ್ರಿ ನೀರಲ್ಲಿ ಒಂದು ಗಂಟೆ ಕೂತ ಕೆಲವು ಯುವಕರಿಂದ. ನಿಮ್ಮ ಇಪ್ಪತ್ತು ಸೆಕೆಂಡಿಗೆ ಅದು ಅನ್ವಯಿಸುವುದಿಲ್ಲ.

ಬೆವರಿನಲ್ಲಿ ವಿಷವೆಲ್ಲ ಹೋಗುತ್ತದೆ ಎನ್ನುವುದು ಸುಳ್ಳು. ಆ ಕೆಲಸ ಲಿವರ್, ಕಿಡ್ನಿಯದು. ತೂಕ ಇಳಿದರೆ ಅದು ನೀರಿನ ತೂಕ, ಎರಡು ಲೋಟ ಕುಡಿದರೆ ವಾಪಸ್. ಹೊಟ್ಟೆಗೆ ಸುತ್ತಿಕೊಳ್ಳುವ ಸೌನಾ ಬೆಲ್ಟು, ಬೆವರು ಬರಿಸುವ ಪ್ಲಾಸ್ಟಿಕ್ ಸೂಟು ಆನ್‌ಲೈನಿನಲ್ಲಿ ಮಾರುತ್ತಾರೆ. ಕೊಳ್ಳಬೇಡಿ. ಸೂಟು ಹಾಕಿಕೊಂಡು ವ್ಯಾಯಾಮ ಮಾಡಿ ಬಿಸಿಯ ಹೊಡೆತಕ್ಕೆ ಸತ್ತವರಿದ್ದಾರೆ.

ಜಿಮ್‌ನಲ್ಲಿ ಭಾರ ಎತ್ತಿ ಮೈ ಕಟ್ಟುತ್ತಿರುವವರು ವ್ಯಾಯಾಮ ಮುಗಿದ ಕೂಡಲೇ ಐಸ್ ಟಬ್ಬಿಗೆ ಇಳಿಯಬೇಡಿ. ಸ್ನಾಯು ಬೆಳೆಯುವುದು ಅದರಿಂದ ಕುಂಠಿತವಾಗುತ್ತದೆ. ಬೇರೆ ದಿನ ಇಟ್ಟುಕೊಳ್ಳಿ.

ಸೌನಾ, ಟಬ್ಬು ಎರಡೂ ಇಲ್ಲದವರು ಮನೆಯಲ್ಲೇ ಶುರು ಮಾಡಬಹುದು. ಎಂದಿನ ಬಿಸಿನೀರಿನ ಸ್ನಾನ ಮಾಡಿ. ಕೊನೆಗೆ ನಲ್ಲಿಯ ತಣ್ಣೀರು ಒಂದು ಬಕೆಟ್ ಇಟ್ಟುಕೊಳ್ಳಿ. ಮೊದಲು ಪಾದಕ್ಕೆ, ಆಮೇಲೆ ತೊಡೆಗೆ, ಕೈಗಳಿಗೆ, ಕಡೆಗೆ ಎದೆ ಬೆನ್ನಿಗೆ ಚೊಂಬಿನಿಂದ ಹಾಕಿಕೊಳ್ಳಿ. ಪ್ರತಿ ಚೊಂಬಿಗೂ ಉದ್ದಕ್ಕೆ ಉಸಿರು ಊದಿ.