ಮಸುಕಾಗಿ ಉಳಿದ ನಾಲ್ಕು ಕಂಬ

2024ರ ಆಗಸ್ಟ್ 7ರ ಬೆಳಿಗ್ಗೆ ಎದ್ದಾಗ ಫೋನಿನ ತುಂಬ ಒಂದೇ ಸುದ್ದಿ. ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ರಾತ್ರಿ ಕುಸಿದಿತ್ತು. ಲಾರಿಯೊಂದು ನದಿಗೆ ಬಿದ್ದು, ಅದರ ಚಾಲಕರನ್ನು ಜೀವಂತವಾಗಿ ಮೇಲೆ ತಂದಿದ್ದರು. ಅವರು ಉಳಿದರಲ್ಲ ಅಂತ ಮೊದಲು ಸಮಾಧಾನವಾಯಿತು. ಆಮೇಲೆ ನನ್ನ ಹಳೆ ಫೋಟೋಗಳಲ್ಲಿ ಸೇತುವೆ ಹುಡುಕಲು ಕೂತೆ.

ನಾನು ಕೋಡಿಬಾಗದಲ್ಲೇ ಬೆಳೆದವನು. ಸದಾಶಿವಗಡಕ್ಕೆ ಹೋಗಲು ಎಷ್ಟು ಸಲ ಆ ಸೇತುವೆ ದಾಟಿದ್ದೇನೋ ಲೆಕ್ಕವಿಲ್ಲ. ಆದರೂ ಅದರದ್ದೇ ಅಂತ ತೆಗೆದ ಫೋಟೋ ಒಂದೂ ಸಿಗಲಿಲ್ಲ. ಸೂರ್ಯ ಮುಳುಗುವ ಫೋಟೋಗಳು ರಾಶಿ ಇದ್ದವು. ಗೆಳೆಯನೊಬ್ಬನ ಹೆಗಲ ಹಿಂದೆ ಮಸುಕಾಗಿ ನಾಲ್ಕು ಕಂಬ ಕಂಡವು, ಅಷ್ಟೇ. ತುಂಬಾ ಬೇಜಾರಾಯಿತು.

ಅವತ್ತಿನಿಂದ ದಿನಾ ಕಣ್ಣಿಗೆ ಬೀಳುವುದನ್ನೇ ತೆಗೆಯುತ್ತಿದ್ದೇನೆ. ಅದಕ್ಕೆ ನನ್ನ ಮೊಬೈಲೇ ಸಾಕು. ಹೆಚ್ಚು ಹೋಗುವುದು ಎರಡೇ ಜಾಗಕ್ಕೆ. ಒಂದು ಕಾಳಿ ದಂಡೆ, ಇನ್ನೊಂದು ಕಾರವಾರದ ಭಾನುವಾರದ ಸಂತೆ.

ಶುರುವಿನಲ್ಲಿ ದಿನಾ ಆರೂವರೆಗೆ ದಂಡೆಗೆ ಹೋಗುತ್ತಿದ್ದೆ. ಒಂದು ದಿನ ಮರಳದಿಬ್ಬದ ಮೇಲೆ ಚಿಪ್ಪೆಕಲ್ಲು (ತಿನ್ನುವ ಚಿಪ್ಪುಜೀವಿ) ಆರಿಸುವ ಹೆಂಗಸರು ಇರುತ್ತಿದ್ದರು. ನಾಲ್ಕು ದಿನ ಬಿಟ್ಟು ಹೋದರೆ ದಿಬ್ಬವೇ ನೀರೊಳಗೆ. ಸಮುದ್ರದ ಭರತಿ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇಲ್ಲಿ ಹುಟ್ಟಿಯೂ ನಾನದನ್ನು ಗಮನಿಸಿರಲಿಲ್ಲ. ಈಗ ಗಡಿಯಾರ ಬಿಟ್ಟು ಇಳಿತ ನೋಡಿ ಹೊರಡುತ್ತೇನೆ. ಬೆಳಗಿನ ಇಳಿತ ತಪ್ಪಿದರೆ ಹದಿನೈದು ದಿನ ಕಾಯಬೇಕು. ಹಾಗೆ ಕಾದು ತೆಗೆದ ಫೋಟೋಗಳೇ ನನಗೆ ಜಾಸ್ತಿ ಇಷ್ಟ.

ಸಂತೆಯಲ್ಲಿ ಕಷ್ಟ ಬೇರೆ ತರಹದ್ದು. ಬಂಗಡೆ ಬುಟ್ಟಿಗೆ ಬಿಸಿಲು ಬಿದ್ದರೆ ಮೀನೆಲ್ಲ ಬರೀ ಬೆಳ್ಳಗೆ ಬರುತ್ತದೆ. ಪರದೆಯಲ್ಲಿ ಹೊಳೆಯುವ ಮೀನಿನ ಮೇಲೆ ಬೆರಳಿಟ್ಟು ಬೆಳಕು ಕಡಿಮೆ ಮಾಡಿದರೆ ಬೆನ್ನಿನ ಗೆರೆಗಳೂ ಕಾಣುತ್ತವೆ. ಸೊಪ್ಪು ತರಕಾರಿ ತರುವ ಹಾಲಕ್ಕಿ ಸಮುದಾಯದ ಅಜ್ಜಿಯರ ಕೊರಳ ಮಣಿಸರ ನೋಡಿ ಪ್ರವಾಸಿಗರು ಸುಮ್ನೆ ಮುಖಕ್ಕೆ ಕ್ಯಾಮೆರಾ ಹಿಡಿಯುತ್ತಾರೆ. ನನಗದು ಸರಿ ಕಾಣುವುದಿಲ್ಲ. ಅವರು ಬಂದಿರುವುದು ವ್ಯಾಪಾರಕ್ಕೆ ಅಲ್ವಾ? ನಾನು ಕೇಳಿಯೇ ತೆಗೆಯುತ್ತೇನೆ. ಬೇಡ ಅಂದರೆ ಸೊಪ್ಪು ಕೊಂಡು ಬರುತ್ತೇನೆ. ಮುಖಕ್ಕಿಂತ ಕಟ್ಟು ಕಟ್ಟುವ ಕೈ, ತಕ್ಕಡಿ, ಚಿಲ್ಲರೆ ಇಡುವ ಸಂಚಿ ಇವನ್ನು ಹೆಚ್ಚು ತೆಗೆಯುತ್ತೇನೆ.

ನೌಕಾನೆಲೆಯ ಕಡೆಗೆ ಮೊಬೈಲ್ ಎತ್ತುವುದೇ ಇಲ್ಲ. ಉಪ್ಪುಗಾಳಿಗೆ ಲೆನ್ಸ್ ಮಬ್ಬಾಗುತ್ತದೆ, ಹಾಗಾಗಿ ಹಳೆ ಹತ್ತಿಬಟ್ಟೆಯೊಂದು ಯಾವಾಗಲೂ ಕಿಸೆಯಲ್ಲಿರುತ್ತದೆ.

ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಬಲೆ ಹೊಲಿಯುವವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ. ಅಲ್ಲಿ ಒಬ್ಬ ಮೀನುಗಾರ ಅಕ್ಕ, "ತೆಗಿ ತಮಾ, ಆದ್ರೆ ನಂಗೊಂದು ಕಾಪಿ ಬೇಕು" ಅಂದರು. ಕೊಡಲು ತಡವಾಯಿತು. ಮಳೆ ಮುಗಿದ ಮೇಲೆ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಒಯ್ದೆ. ಅವರು ತಮ್ಮ ಮುಖ ನೋಡಲೇ ಇಲ್ಲ. ಹಿಂದೆ ಮೂಲೆಯಲ್ಲಿ ಅರ್ಧ ಕಂಡ ನೀಲಿ ದೋಣಿಯ ಮೇಲೆ ಬೆರಳಿಟ್ಟರು.

"ಇದು ನಮ್ದೇ. ಹೋದ ತಿಂಗ್ಳು ಮಾರಿದ್ವು."

ಪ್ರಿಂಟನ್ನು ಸೆರಗಿನಲ್ಲಿ ಒರೆಸಿ ಚೀಲದೊಳಗೆ ಇಟ್ಟುಕೊಂಡರು. ಮನೆಗೆ ಬಂದು ನನ್ನ ಪ್ರತಿಯ ಹಿಂದೆ ತಾರೀಕು ಬರೆದೆ. ಅದರ ಕೆಳಗೆ ದೋಣಿ ಯಾರದ್ದು ಅಂತಲೂ ಬರೆದೆ.