ಹಳೆ ಉಪ್ಪುನೀರಿನ ತೊಟ್ಟಿ ತರುತ್ತೀರಾ? ಕಲ್ಲು ಒಣಗಿಸಬೇಡಿ

ಅಗ್ಗಕ್ಕೆ ಸಿಕ್ಕಿತೆಂದು ಯಾರದೋ ಮನೆಯ ಉಪ್ಪುನೀರಿನ ಮೀನುತೊಟ್ಟಿಯನ್ನು ಹಳೆ ಕಪಾಟಿನ ಹಾಗೆ ಪಿಕಪ್ಪಿಗೆ ಹೇರಿಕೊಂಡು ಬರುತ್ತೀರಿ. ತೊಟ್ಟಿಯೊಳಗಿನ ಕಲ್ಲನ್ನೆಲ್ಲ ನಲ್ಲಿ ಕೆಳಗೆ ತಿಕ್ಕಿ ತೊಳೆದು, ಸಂಜೆಯೊಳಗೆ ಮೀನು ಬಿಟ್ಟಾಯಿತು. ಮೂರನೇ ದಿನ ಮೀನೆಲ್ಲ ತೆಂಗಿನ ಬುಡಕ್ಕೆ. ಕಾಸರಗೋಡಿನಿಂದ ಮಂಜೇಶ್ವರದವರೆಗೆ ಎಲ್ಲ ಕಡೆ ಇದೇ ತಪ್ಪು, ನೋಡಿ ನೋಡಿ ಸಾಕಾಯಿತು. ಮೀನು ಸಾಯುವುದು ದಾರಿಯ ಕುಲುಕಾಟಕ್ಕಲ್ಲ, ಅವುಗಳದೇ ಹೊಲಸಿನಿಂದ ಹುಟ್ಟುವ ಅಮೋನಿಯಕ್ಕೆ. ಅದನ್ನು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಮನೆಮಾಡಿಕೊಂಡಿರುವುದು ಕಲ್ಲಿನ ಸಂದಿಯಲ್ಲಿ, ಫಿಲ್ಟರಿನ ಒಳಗೆ. ನೀವು ದುಡ್ಡು ಕೊಟ್ಟು ತಂದದ್ದು ಗಾಜನ್ನಲ್ಲ, ಆ ಬ್ಯಾಕ್ಟೀರಿಯಾವನ್ನು. ಕಲ್ಲನ್ನು ನಲ್ಲಿ ನೀರಲ್ಲಿ ತೊಳೆದರೂ ಒಣಗಿಸಿದರೂ ಅದು ಸಾಯುತ್ತದೆ.

ಕೊಳ್ಳುವ ಮೊದಲೇ ಕೇಳಿ: ಈ ತೊಟ್ಟಿಗೆ ಯಾವಾಗಲಾದರೂ ತಾಮ್ರದ ಔಷಧಿ ಹಾಕಿದ್ದಾರೆಯೇ? ಹಾಕಿದ್ದರೆ ಕಲ್ಲಿನಲ್ಲಿ ಅದರ ಅಂಶ ಉಳಿದು, ಸಿಗಡಿ, ಬಸವನಹುಳ ಉಳಿಯಲಿಕ್ಕಿಲ್ಲ.

ಬಿಚ್ಚುವಾಗ ಹೀಟರನ್ನು ಆರಿಸಿ ಕಾಲು ಗಂಟೆ ಬಿಡಿ, ಬಿಸಿಯಾಗಿರುವಾಗಲೇ ಹೊರತೆಗೆದರೆ ಗಾಜು ಸಿಡಿಯುತ್ತದೆ. ಮೊದಲು ಮುಕ್ಕಾಲು ಪಾಲು ನೀರನ್ನು, ಅಡಿಯ ಕೊಳೆ ಕದಡದ ಹಾಗೆ, ಸಾಬೂನು ತಾಗದ ಕ್ಯಾನಿಗೆ ತುಂಬಿಸಿಕೊಳ್ಳಿ. ಆಮೇಲೆ ಕಲ್ಲು. ಮೀನು ಕಡೆಗೆ, ನೀರು ಗೇಣುದ್ದಕ್ಕೆ ಇಳಿದ ಮೇಲೆ ಬೆನ್ನಟ್ಟದೆ ಸಿಗುತ್ತವೆ. ತೊಟ್ಟಿಯನ್ನು ಎತ್ತುವಾಗ ಒಳಗೆ ನಾಲ್ಕು ಬೆರಳು ನೀರೂ ಇರಬಾರದು, ಸಿಲಿಕಾನ್ ಬಿರಿಯುತ್ತದೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿ ಸುಮಾರು 190 ಲೀಟರ್ ಹಿಡಿಯುತ್ತದೆ. ನೀರೊಂದರದೇ ಸುಮಾರು 190 ಕಿಲೋ ಭಾರ, ಗಾಜು ಕಲ್ಲು ಬೇರೆ. ಇದಕ್ಕೆ ಟಿವಿ ಇಡುವ ಮೇಜು ಸಾಲದು.

ಇನ್ನು ಕಲ್ಲಿನ ಕೆಲಸ. ಇದನ್ನು ಮಾತ್ರ ಹೇಳಿದ ಹಾಗೆಯೇ ಮಾಡಿ. ಮೂರು ಬಾಲ್ದಿ, ಮೂರಕ್ಕೂ ಅದೇ ತೊಟ್ಟಿಯ ಹಳೆ ನೀರು. ಕೈಗೆ ರಬ್ಬರ್ ಗ್ಲೌಸ್ ಬೇಕೇ ಬೇಕು, ಸಂದಿಯಲ್ಲಿ ಮುಳ್ಳುಹುಳ ಇರುತ್ತದೆ. ಮೇಲ್ಮೈ ಯಾವುದೆಂದು ಎತ್ತುವ ಮೊದಲೇ ಫೋನಿನಲ್ಲಿ ಫೋಟೋ ತೆಗೆದಿಡಿ, ನೇರಳೆ ಪಾಚಿಯ ಪದರ ಬೆಳಕಿನ ಕಡೆಗೇ ಬರಬೇಕು. ಒಂದೊಂದೇ ಕಲ್ಲನ್ನು ಮೊದಲ ಬಾಲ್ದಿಯಲ್ಲಿ ಮುಳುಗಿಸಿ, ಅಕ್ಕಿ ತೊಳೆಯುವ ಹಾಗೆ ಅಲ್ಲಾಡಿಸಿ, ಕಂದು ಕೆಸರು ಬಿಡುತ್ತದೆ. ಎರಡನೆಯದರಲ್ಲಿ ಓರೆ ಮಾಡಿ ತಿರುಗಿಸಿ, ತೂತಿನ ಗಾಳಿಯೆಲ್ಲ ಗುಳುಗುಳು ಹೊರಬರಲಿ. ಆಗ ಒಳಗೆ ಅಡಗಿದ ಸಣ್ಣ ಮೀನೂ ಈಚೆ ಬಂದೀತು, ನೋಡಿಕೊಳ್ಳಿ. ಮೂರನೆಯದರಲ್ಲಿ ಅದ್ದಿ, ತೆಗೆದು ಮೂಸಿ. ಕಡಲ ವಾಸನೆ ಇದ್ದರೆ ಸರಿ. ಕೊಳೆತ ವಾಸನೆ ಬಂದರೆ ಒಳಗೆ ಏನೋ ಸತ್ತಿದೆ, ಬೇರೆ ಇಡಿ. ಮೊದಲ ಬಾಲ್ದಿ ಕೆಸರಾದ ಹಾಗೆ ಚೆಲ್ಲಿ ಬದಲಿಸಿ. ಆಮೇಲೆ ಕಲ್ಲನ್ನು ಮುಚ್ಚಳದ ಡ್ರಮ್ಮಿನಲ್ಲಿ, ಹಳೆ ನೀರಿನಲ್ಲೇ ಮುಳುಗಿಸಿಡಿ. ಜಾಗ ಸಾಲದಿದ್ದರೆ ಅದೇ ನೀರಿನಲ್ಲಿ ಅದ್ದಿದ ಹಳೆ ಬೈರಾಸು ಸುತ್ತಿ. ಸ್ವಚ್ಛವಾಗಲೆಂದು ಕಲ್ಲು ಕುದಿಸುವ ಬುದ್ಧಿವಂತರಿದ್ದಾರೆ, ಕಿವಿಹಿಂಡಬೇಕು! ಕೆಲವು ಹವಳಜಾತಿಯ ಜೀವಿಗಳ ವಿಷ ಆವಿಯ ಜೊತೆ ಎದ್ದು ಮನೆಮಂದಿಯನ್ನೇ ಮಲಗಿಸುತ್ತದೆ.

ನಮ್ಮ ಅಜ್ಜಿಯಂದಿರು ಹಲಸಿನ ಉಪ್ಪುಸೊಳೆಯ ಭರಣಿಗೆ ಒದ್ದೆ ಕೈ ಹಾಕಲು ಬಿಡುತ್ತಿರಲಿಲ್ಲ. ಸಿಹಿನೀರು ತಾಗಿದರೆ ಕೆಡುತ್ತದೆಂದು ಅವರಿಗೆ ಗೊತ್ತಿತ್ತು. ಈ ಕಲ್ಲಿಗೂ ಹಾಗೆಯೇ.

ಹಳೆ ಮರಳನ್ನು ತರಬೇಡಿ. ಅಡಿಯಲ್ಲಿ ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುವುದು ಹೈಡ್ರೋಜನ್ ಸಲ್ಫೈಡ್. ಕದಡಿದರೆ ಮೀನಿಗೆ ವಿಷ. ಹೊಸ ಮರಳು ಹಾಕಿ.

ಮನೆಗೆ ಬಂದ ದಿನ ಕಲ್ಲು, ಮೀನು ಡ್ರಮ್ಮಿನಲ್ಲೇ ಪಂಪು, ಹೀಟರ್ ಹಾಕಿ ಒಂದು ದಿನ ಇರಲಿ. ಸ್ಟ್ಯಾಂಡು ನೆಟ್ಟಗಿದೆಯೇ ಮಟ್ಟ ನೋಡಿ, ಥರ್ಮೋಕೋಲ್ ಹಾಸಿ, ಬರೀ ನೀರು ತುಂಬಿಸಿ ಸೋರುತ್ತದೆಯೇ ಕಾಯಿರಿ. ಅಷ್ಟರಲ್ಲಿ ಬೇರೆ ಪಾತ್ರೆಯಲ್ಲಿ ಉಪ್ಪುನೀರು ಕದಡಿಟ್ಟುಕೊಳ್ಳಿ: ಆರ್‌ಓ ನೀರಿಗೆ ಇಂಥ ತೊಟ್ಟಿಗೆಂದೇ ಮಾರುವ ಉಪ್ಪು ಲೀಟರಿಗೆ 35 ಗ್ರಾಂ ಆಸುಪಾಸು, ಪಂಪು ಹಾಕಿ ಒಂದು ರಾತ್ರಿ. ಅಡುಗೆ ಉಪ್ಪು ಆಗದು, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲಿದೆ? ಕಡಲು ಹತ್ತಿರವೆಂದು ಕೊಡ ಹಿಡಿದು ಓಡಬೇಡಿ. ಮಳೆಗಾಲದಲ್ಲಿ ಚಂದ್ರಗಿರಿ ಹೊಳೆ ಸೇರುವಲ್ಲಿ ನೀರು ಸಪ್ಪೆಯೂ ಕೆಸರೂ ಆಗಿರುತ್ತದೆ. ಹವಳ ಕಿತ್ತು ತರುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 1.025 ಬಂದರೆ ಸರಿ, ಬಿಸಿ 25ರಿಂದ 27 ಡಿಗ್ರಿ.

ಮೀನಿಗೆ ಸಣ್ಣ ನಳಿಗೆಯಲ್ಲಿ ಹನಿಹನಿಯಾಗಿ ಹೊಸ ನೀರು ಸೇರಿಸುತ್ತಾ ಮುಕ್ಕಾಲು ಗಂಟೆ ತೆಗೆದುಕೊಳ್ಳಿ. ಮೊದಲ ದಿನ ತಿನಿಸು ಬೇಡ. ಒಂದು ವಾರ ದಿನಾ ಅಮೋನಿಯ ಪರೀಕ್ಷಿಸಿ, ಅಮೋನಿಯದ ಬಣ್ಣ ಕಂಡರೆ ಅಂದೇ ಕಾಲು ಭಾಗ ನೀರು ಬದಲಿಸಿ. ಹೊಸ ಮೀನಿನ ಆಸೆಗೆ ಒಂದು ತಿಂಗಳು ಕಡಿವಾಣ ಹಾಕಿ. ನಮ್ಮೂರಿನ ಜೂನ್ ಮಳೆಗೆ ಕರೆಂಟು ಹೋಗಿಯೇ ಹೋಗುತ್ತದೆ, ಬ್ಯಾಟರಿ ಗಾಳಿಪಂಪು ಕೈಗೆ ಸಿಗುವಲ್ಲಿರಲಿ. ವಯರನ್ನು ಪ್ಲಗ್ಗಿಗಿಂತ ಕೆಳಗೆ ಜೋತುಬಿಟ್ಟು ಮೇಲಕ್ಕೆ ತನ್ನಿ, ಹನಿ ಕೆಳಗೇ ಬೀಳಲಿ. ನೀರಿನ ಮಟ್ಟಕ್ಕೆ ಗಾಜಿನ ಮೇಲೊಂದು ಟೇಪು ಅಂಟಿಸಿ, ಆವಿಯಾಗಿ ಇಳಿದಷ್ಟಕ್ಕೆ ಬರೀ ನೀರು ಸೇರಿಸಿ. ಉಪ್ಪು ಆವಿಯಾಗಿ ಹೋಗುವುದಿಲ್ಲ ಮಕ್ಕಳೇ, ಉಪ್ಪುನೀರೇ ಸುರಿಯುತ್ತಾ ಹೋದರೆ ತೊಟ್ಟಿ ಉಪ್ಪಿನಕಾಯಿ ಭರಣಿಯಾದೀತು.