ದುಡ್ಡು ಕೊಡುವ ಮೊದಲು ಗೇಮ್ ರಿವ್ಯೂ ಓದುವುದು ಹೇಗೆ

ನಾನು ವರ್ಷಕ್ಕೆ ಮೂರು ಗೇಮ್ ಕೊಳ್ಳುತ್ತೇನೆ, ಅಷ್ಟೇ. ಮಗಳು ಮಲಗಿದ ಮೇಲೆ ರಾತ್ರಿ ಒಂದು ಗಂಟೆ ಬಿಡುವು ಸಿಗುತ್ತದೆ. ಒಂದು ಗೇಮ್ ಕೆಟ್ಟರೆ ನನಗೆ ನಾಲ್ಕು ತಿಂಗಳ ಆಟವೇ ಹೋದ ಹಾಗೆ. ಎರಡು ವರ್ಷದ ಹಿಂದೆ ಹಾಗೇ ಆಯಿತು. ಟ್ರೇಲರ್ ನೋಡಿ ಪ್ರೀ-ಆರ್ಡರ್ ಮಾಡಿದ್ದೆ. ರಿವ್ಯೂಗಳಲ್ಲಿ ಹತ್ತಕ್ಕೆ ಒಂಬತ್ತು. ನನ್ನ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ಪ್ರತಿ ಬಾಗಿಲು ತೆರೆದಾಗಲೂ ಆಟ ತಡವರಿಸಿ ನಿಲ್ಲುತ್ತಿತ್ತು. ಸೆಟ್ಟಿಂಗ್ಸ್ ಬದಲಿಸುತ್ತಾ ಕೂತೆ. ಅಷ್ಟರಲ್ಲಿ ದುಡ್ಡು ವಾಪಸ್ ಕೇಳುವ ಅವಧಿ ಮೀರಿತ್ತು. ಅಂದಿನಿಂದ ಹೀಗೆ ಮಾಡುತ್ತಿದ್ದೇನೆ.

ಮೊದಲು ಅಂಕ ಬಿಡಿ, ರಿವ್ಯೂ ಬಂದ ದಿನ ನೋಡಿ. ಪತ್ರಕರ್ತರಿಗೆ ಗೇಮ್ ಮುಂಚೆಯೇ ಸಿಗುತ್ತದೆ, ಆದರೆ ಇಂಥ ಹೊತ್ತಿನವರೆಗೆ ಏನೂ ಬರೆಯಬಾರದು ಎಂಬ ಕರಾರು ಇರುತ್ತದೆ. ಅದಕ್ಕೆ ಎಂಬಾರ್ಗೋ ಅನ್ನುತ್ತಾರೆ. ಬಿಡುಗಡೆಗೆ ನಾಲ್ಕೈದು ದಿನ ಮುಂಚೆ ರಿವ್ಯೂ ಬಂದರೆ ಒಳ್ಳೆಯ ಲಕ್ಷಣ. ಬಿಡುಗಡೆಯ ಗಂಟೆಗೇ ಬಂದರೆ ನಾನು ಕಾಯುತ್ತೇನೆ.

ಆಮೇಲೆ, ಯಾವ ಯಂತ್ರದಲ್ಲಿ ಆಡಿ ಬರೆದಿದ್ದಾರೆ ಎಂದು ಹುಡುಕಿ. ಇದೇ ಎಲ್ಲಕ್ಕಿಂತ ಮುಖ್ಯ. 2020ರ ಡಿಸೆಂಬರ್ 10ರಂದು ಸೈಬರ್‌ಪಂಕ್ 2077 ಬಂದಾಗ ಮುಂಚಿತ ರಿವ್ಯೂಗಳೆಲ್ಲ ಪಿಸಿಯದ್ದು. ಕನ್ಸೋಲ್, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರದ ಪ್ರತಿಯನ್ನು ಮೊದಲೇ ಕೊಟ್ಟಿರಲಿಲ್ಲ. ಹೊಗಳಿಕೆ ಓದಿ ಸೋನಿಯ ಕನ್ಸೋಲ್ ಪಿಎಸ್4ಗೆ ಕೊಂಡವರ ಕೈಗೆ ಬಂದದ್ದು ತಡವರಿಸಿ ನಿಲ್ಲುವ ಬೇರೆಯೇ ಆಟ. ಒಂದು ವಾರ ಕಳೆಯುವಷ್ಟರಲ್ಲಿ ಸೋನಿ ಅದನ್ನು ತನ್ನ ಸ್ಟೋರಿನಿಂದಲೇ ತೆಗೆಯಿತು. ಮತ್ತೆ ಬಂದದ್ದು 2021ರ ಜೂನ್‌ನಲ್ಲಿ. ಪಿಸಿಯಲ್ಲಿ ಆಡಿದವರು ಸುಳ್ಳು ಬರೆದಿರಲಿಲ್ಲ. ಅವರು ಕಂಡದ್ದು ನಿಮ್ಮ ಯಂತ್ರವನ್ನಲ್ಲ, ಅಷ್ಟೇ. ರಿವ್ಯೂ ಬರೆಯುವವರೆಲ್ಲ ದುಡ್ಡು ತಿಂದಿದ್ದಾರೆ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಆದರೆ ನಲವತ್ತು ಗಂಟೆಯ ಆಟವನ್ನು ಒಂದು ವಾರದಲ್ಲಿ ಮುಗಿಸುವವರ ಆಟ ಬೇರೆ, ದಿನಕ್ಕೊಂದು ಗಂಟೆ ಆಡುವ ನಮ್ಮ ಆಟ ಬೇರೆ ಅಲ್ವಾ? ಅವರು ಬಿಟ್ಟಿಯಾಗಿ ಪಡೆದದ್ದಕ್ಕೆ ನಾವು ದುಡ್ಡು ಕೊಡಬೇಕು. ದೊಡ್ಡ ಗೇಮ್‌ಗಳ ಬೆಲೆ 2020ರಿಂದ 60 ಡಾಲರ್‌ನಿಂದ 70ಕ್ಕೆ ಏರಿದೆ. ರಿವ್ಯೂನಲ್ಲಿ ಬೆಲೆಯ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ ನನಗೆ ಬೇಜಾರಾಗುತ್ತದೆ.

ಗೇಮ್ ಒಳಗಿನ ಅಂಗಡಿಯ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ರಿವ್ಯೂ ಬರೆಯುವಾಗ ಆ ಅಂಗಡಿ ತೆರೆದೇ ಇರದಿರಬಹುದು. ಕ್ರ್ಯಾಶ್ ಟೀಮ್ ರೇಸಿಂಗ್ ನೈಟ್ರೋ-ಫ್ಯೂಯಲ್ಡ್ 2019ರ ಜೂನ್‌ನಲ್ಲಿ ಬಂತು. ಆಟದೊಳಗಿನ ನಾಣ್ಯಗಳನ್ನು ನಿಜವಾದ ದುಡ್ಡಿಗೆ ಮಾರಲು ಶುರು ಮಾಡಿದ್ದು ಆಗಸ್ಟ್‌ನಲ್ಲಿ. ಹಾಗಾಗಿ ಒಂದೆರಡು ತಿಂಗಳು ಬಿಟ್ಟು ಅಂಗಡಿಯ ಲೆಕ್ಕ ನೋಡಿ. ಆಟದ ಪಾತ್ರದ ಒಂದು ಅಂಗಿಗೆ 1,200 ನಾಣ್ಯ ಬೇಕು, ನಾಣ್ಯ ಸಿಗುವುದು ಸಾವಿರದ ಕಟ್ಟಿನಲ್ಲಿ ಮಾತ್ರ ಅಂದುಕೊಳ್ಳಿ. ಎರಡು ಕಟ್ಟು ಕೊಳ್ಳಲೇಬೇಕು. ಉಳಿದ 800 ನಾಣ್ಯ ಸುಮ್ನೆ ಬಿದ್ದಿರುತ್ತದೆ. ಅದನ್ನು ಖರ್ಚು ಮಾಡಲು ಇನ್ನೇನೋ ಕೊಳ್ಳುವ ಆಸೆ ಹುಟ್ಟುತ್ತದೆ. ಇದು ಕೈತಪ್ಪಿ ಆದದ್ದಲ್ಲ, ಯೋಚಿಸಿ ಮಾಡಿದ್ದು. ಇಂಥ ಲೆಕ್ಕ ಕಂಡರೆ ಆಟ ಎಷ್ಟೇ ಚೆನ್ನಾಗಿರಲಿ, ನಾನು ಕೊಳ್ಳುವುದಿಲ್ಲ.

ಒಬ್ಬರೇ ಆಡಲೂ ಇಂಟರ್ನೆಟ್ ಬೇಕೇ ಎನ್ನುವುದನ್ನೂ ನೋಡಿ. ದಿ ಕ್ರೂ ಎಂಬ ಕಾರ್ ಗೇಮ್‌ನ ಸರ್ವರ್ 2024ರ ಮಾರ್ಚ್ 31ಕ್ಕೆ ನಿಂತಿತು. ದುಡ್ಡು ಕೊಟ್ಟು ಕೊಂಡವರಿಗೂ ಆಮೇಲೆ ಆಡಲಾಗಲಿಲ್ಲ.

ಇಷ್ಟೆಲ್ಲ ನೋಡಿ ಕೊಂಡಿರಾ? ಇನ್ನೂ ಒಂದು ದಾರಿ ಇದೆ. ಪಿಸಿ ಗೇಮ್ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಸ್ಟೋರಿನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಬೇರೆ ಸ್ಟೋರ್‌ಗಳ ನಿಯಮ ಬೇರೆ, ಮೊದಲೇ ಓದಿಕೊಳ್ಳಿ. ಆ ಎರಡು ಗಂಟೆಯನ್ನು ಜೋಪಾನವಾಗಿ ಬಳಸಿ. ಮೆನು ತೆರೆದಿಟ್ಟು ಊಟಕ್ಕೆ ಹೋದರೆ ಅದೂ ಲೆಕ್ಕಕ್ಕೆ ಬರುತ್ತದೆ. ಪಾತ್ರದ ಮೂಗು, ಕೂದಲು ತಿದ್ದುತ್ತಾ ಅರ್ಧ ಗಂಟೆ ಕಳೆಯಬೇಡಿ. ಜನ ಜಾಸ್ತಿ ಇರುವ ಜಾಗಕ್ಕೋ ಮೊದಲ ದೊಡ್ಡ ಹೊಡೆದಾಟಕ್ಕೋ ಬೇಗ ಹೋಗಿ. ಯಂತ್ರ ಏದುಸಿರು ಬಿಡುವುದು ಅಲ್ಲೇ. ನಾನು ಫೋನಿನಲ್ಲಿ 90 ನಿಮಿಷಕ್ಕೆ ಅಲಾರಂ ಇಡುತ್ತೇನೆ. ಅದು ಹೊಡೆದ ಕೂಡಲೇ ಆಟ ಮುಚ್ಚಿ, ಇಟ್ಟುಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸುತ್ತೇನೆ.

ಇಟ್ಟುಕೊಂಡರೆ ನೀವೂ ಒಂದು ರಿವ್ಯೂ ಬರೆಯಿರಿ. ಯಾವ ಗ್ರಾಫಿಕ್ಸ್ ಕಾರ್ಡ್, ಎಷ್ಟು ರ್‍ಯಾಮ್, ಎಲ್ಲಿ ನಿಂತಿತು, ಎಷ್ಟು ಗಂಟೆ ಆಡಿದಿರಿ ಎಂದು ನಾಲ್ಕು ಸಾಲು ಸಾಕು. ದೋಷ ತಿದ್ದುವ ಪ್ಯಾಚ್ ಬಂದ ಮೇಲೆ ಮತ್ತೆ ಆಡಿ ನೋಡಿ, ಬರೆದದ್ದನ್ನು ತಿದ್ದಿ. ನನ್ನ ಆ ಹಳೆಯ ಗೇಮ್‌ಗೆ ಹದಿನಾಲ್ಕು ತಿಂಗಳ ನಂತರ ಸರಿಯಾದ ಪ್ಯಾಚ್ ಬಂತು. ಅಂದು ರಾತ್ರಿಯೇ ನನ್ನ ರಿವ್ಯೂಗೆ ಒಂದು ಸಾಲು ಸೇರಿಸಿದೆ: ಬಾಗಿಲುಗಳು ಈಗ ತಡವರಿಸದೆ ತೆರೆಯುತ್ತವೆ.